ದೊಡ್ಡ ಹಡಗು, ಸಣ್ಣ ದೋಣಿ



ವಿಜಯನಗರದಲ್ಲಿರುವ ನಮ್ಮ ಪರಿಚಯದ ದಂಪತಿ ನಿವೃತ್ತಿಯಾದ ಮೇಲೆ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಿಬಂದರು. ರಾತ್ರಿ ಹಡಗಿನಲ್ಲಿ ಪಯಣ. ಹಗಲು ದ್ವೀಪದಲ್ಲಿ ವಿಹಾರ.

 

ಅವರು ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿದೆ. ಅಲ್ಲಿ ಹಲವು ಕಡೆ ದೊಡ್ಡ ಹಡಗು ದಡದವರೆಗೆ ಹೋಗುವುದಿಲ್ಲ. ದ್ವೀಪದ ಸುತ್ತ ಹವಳದ ದಿಬ್ಬ. ಅದರೊಳಗೆ ಆಳವಿಲ್ಲದ ತಿಳಿನೀರು. ಹಾಗಾಗಿ ಹಡಗು ಹೊರಗೇ ನಿಲ್ಲುತ್ತದೆ. ಪ್ರಯಾಣಿಕರು ಸಣ್ಣ ದೋಣಿಗೆ ಇಳಿಯಬೇಕು. ಅಲೆಗೆ ದೋಣಿ ಏರಿಳಿಯುತ್ತದೆ. ಆಗ ಗಂಡ ಹೆಂಡತಿಯ ಕೈ ಹಿಡಿದರು. ಹೆಂಡತಿ ದೋಣಿಯವನ ಕೈ ಹಿಡಿದರು.

ಆ ಹವಳದ ದಿಬ್ಬ ಕಟ್ಟಿದ್ದು ಯಾರು? ಪುಟ್ಟ ಪುಟ್ಟ ಜೀವಿಗಳು. ತಮ್ಮ ಸುಣ್ಣದ ಗೂಡುಗಳನ್ನು ಸಾವಿರಾರು ವರ್ಷ ಒಂದರ ಮೇಲೊಂದು ಕಟ್ಟುತ್ತಾ ಬಂದವು. ದೊಡ್ಡ ಹಡಗು ನುಗ್ಗಿದರೆ ಆ ದಿಬ್ಬ ಒಡೆಯುತ್ತದೆ.

ಮನುಷ್ಯರ ಮನಸ್ಸೂ ಹಾಗೆಯೇ. ಅದರ ಸುತ್ತ ವರ್ಷಗಳ ನೋವು, ನಂಬಿಕೆ, ಸಂಕೋಚಗಳು ಬೆಳೆದಿರುತ್ತವೆ. ಅಧಿಕಾರ, ವಯಸ್ಸು, ವಿದ್ಯೆಗಳ ಭಾರ ಹೊತ್ತು ಅಲ್ಲಿಗೆ ಹೋಗಲಾಗದು. ಅವನ್ನು ಹೊರಗೆ ನಿಲ್ಲಿಸಿ, ನಾವು ಹಗುರಾಗಿ ಹೋಗಬೇಕು. ಮಗಳ ಬಳಿ ಅಪ್ಪನಾಗಿ ಆಜ್ಞೆ ಮಾಡುವುದಕ್ಕಿಂತ, ಗೆಳೆಯನಾಗಿ ವಿಚಾರಿಸಿದರೆ ಅವಳು ಮನಸ್ಸು ಬಿಚ್ಚುತ್ತಾಳೆ.

ಇವತ್ತು ಮನೆಯಲ್ಲಿ ಯಾರಾದರೂ ಮಾತಾಡಲು ಬಂದರೆ, ಮೊದಲು ಪೂರ್ತಿ ಕೇಳೋಣ. ಸಲಹೆಯನ್ನು ಅವರು ಕೇಳಿದಾಗ ಕೊಟ್ಟರೆ ಸಾಕು.