ಕಾಲ್ ಸೆಂಟರ್ ವರದಿಯ ಕಾಲಂಗಳನ್ನು ಆರಿಸುವವರಾರು?



ಕಾಲ್ ಸೆಂಟರಿನ ದೈನಿಕ ವರದಿಯಲ್ಲಿ ಮೇಲ್ವಿಚಾರಕರು ತಪ್ಪದೆ ನೋಡುವುದು ‘ಎ.ಎಚ್.ಟಿ.’ ಎಂಬ ಕಾಲಂ. ಮಾತಾಡಿದ, ಗ್ರಾಹಕರನ್ನು ಹೋಲ್ಡ್‌ನಲ್ಲಿಟ್ಟ, ಕರೆ ಮುಗಿದ ಮೇಲೆ ವಿವರ ದಾಖಲಿಸಿದ ಸಮಯಗಳ ಮೊತ್ತವನ್ನು ಕರೆಗಳ ಸಂಖ್ಯೆಯಿಂದ ಭಾಗಿಸಿದಾಗ ದೊರೆಯುವ ಸರಾಸರಿಯಿದು. ಒಬ್ಬಳು 9 ನಿಮಿಷ ಮಾತಾಡಿ ಸಮಸ್ಯೆಯನ್ನು ಬಗೆಹರಿಸುತ್ತಾಳೆ ಎನ್ನೋಣ. ಇನ್ನೊಬ್ಬ 4 ನಿಮಿಷದಲ್ಲಿ ಸಾಗಹಾಕುತ್ತಾನೆ. ಗ್ರಾಹಕ ಮೂರು ಸಲ ಕರೆ ಮಾಡಬೇಕಾಗುತ್ತದೆ. ಒಟ್ಟು 12 ನಿಮಿಷ ವ್ಯಯವಾದರೂ ವರದಿಯಲ್ಲಿ ಅವನೇ ಚುರುಕು, ಅವಳು ನಿಧಾನ.

ಅದೇ ಗ್ರಾಹಕ ಏಳು ದಿನಗಳೊಳಗೆ ಮತ್ತೆ ಕರೆದನೇ ಎಂಬ ಕಾಲಂ ಸೇರಿಸಿ, ಬಿಲ್ಲಿನ ವಿಚಾರಣೆಯನ್ನೂ ಸಂಪರ್ಕ ಕಡಿತದ ದೂರನ್ನೂ ಬೇರೆಬೇರೆಯಾಗಿ ಎಣಿಸಿದರೆ ಈ ಚಿತ್ರ ತಿರುವುಮುರುವಾಗುತ್ತದೆ. ತಂತ್ರಾಂಶಕ್ಕೆ ಇದು ಕಷ್ಟವೇನಲ್ಲ. ಸೇರಿಸುವ ಅಧಿಕಾರ ಯಾರದೆಂಬುದೇ ತಕರಾರು.

ಇನ್ನು ‘80/20’: ಶೇ. 80ರಷ್ಟು ಕರೆಗಳನ್ನು 20 ಸೆಕೆಂಡುಗಳೊಳಗೆ ಎತ್ತಬೇಕೆಂಬ ಗುರಿ. ವಾಸ್ತವವಾಗಿ ಇದು ಪಾಳಿಗೆ ಎಷ್ಟು ಜನರನ್ನು ನೇಮಿಸಲಾಗಿದೆ ಎಂಬುದರ ಅಳತೆ. ಕರೆಗಳ ದಟ್ಟಣೆಗೆ ಎಷ್ಟು ಜನ ಬೇಕೆಂದು ಅಂದಾಜಿಸುವ ಸೂತ್ರಗಳನ್ನು ಡೆನ್ಮಾರ್ಕಿನ ಎರ್ಲಾಂಗ್ 1917ರಲ್ಲೇ ಪ್ರಕಟಿಸಿದ್ದರು. ಆದರೂ ಗುರಿ ತಪ್ಪಿದ ದಿನ ಎಣಿಕೆಗೆ ಸಿಕ್ಕುವುದು ಶೌಚಾಲಯಕ್ಕೆ ಹೋದವಳ ನಿಮಿಷಗಳು.

ಜರ್ಮನಿಯಲ್ಲಿ ನೌಕರರ ವರ್ತನೆ ಅಥವಾ ಸಾಧನೆಯ ಮೇಲೆ ನಿಗಾ ಇಡುವ ತಾಂತ್ರಿಕ ವ್ಯವಸ್ಥೆಯ ಅಳವಡಿಕೆಗೆ, ನೌಕರರ ಚುನಾಯಿತ ಮಂಡಳಿ ಇರುವಲ್ಲಿ, ಅದರ ಒಪ್ಪಿಗೆ ಕಡ್ಡಾಯ. ಹೀಗಾಗಿ ಯಾವ ವರದಿ, ಯಾರ ಹೆಸರಿನಲ್ಲಿ, ಎಷ್ಟು ಕಾಲ ಉಳಿಯಬೇಕೆಂಬುದು ಅಲ್ಲಿ ಚೌಕಾಸಿಯ ವಿಷಯ. ಬೆಂಗಳೂರಿನಲ್ಲಿ ಐಟಿ ನೌಕರರ ಸಂಘಟನೆ ಕೆಐಟಿಯು 2017ರಿಂದ ಇದೆ. ದುಡಿಮೆಯ ಗಂಟೆಗಳ ಜೊತೆಗೆ ವರದಿಯ ಕಾಲಂಗಳೂ ಅಲ್ಲಿನ ನೌಕರರ ಬೇಡಿಕೆಪಟ್ಟಿಗೆ ಸೇರತಕ್ಕವು. ಮೊದಲನೆಯದಾಗಿ, ತನ್ನ ಹೆಸರಿನ ಸಾಲನ್ನು ಓದಿ ಪ್ರಶ್ನಿಸುವ ಹಕ್ಕು.