ಹಾಡು ಕಟ್ಟಿ ಊರೂರು ತಿರುಗಿದವರು

(ಬೋರಾಮಣಿಯಲ್ಲಿ ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದ ಸಂದರ್ಭದಲ್ಲಿ ಮಾಡಿದ ಭಾಷಣ)



ಜಾನಪದ ಸಾಹಿತ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ತಾವು ನಮ್ಮನ್ನು ಕರೆದಿದ್ದೀರಿ. ವಿಷಯವು ಕಡಲಿನಷ್ಟು ದೊಡ್ಡದು. ನಮ್ಮ ಕೈಯಲ್ಲಿರುವುದು ಬೊಗಸೆ. ಆದುದರಿಂದ ಅದರ ಒಂದು ಭಾಗವನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇವೆ. ತನ್ನ ಹಾಡನ್ನು ತಾನೇ ಕಟ್ಟಿ, ತಾನೇ ಹಾಡುತ್ತ, ಯಾವ ಒಡೆಯನ ಸಂಬಳವನ್ನೂ ನೆಚ್ಚದೆ ಊರಿಂದೂರಿಗೆ ತಿರುಗಿದ ಹಾಡುಗಾರನ ಬಾಳು ಎಂಥದಾಗಿತ್ತು? ಅವನಿಂದ ನಮ್ಮ ಭಾಗಕ್ಕೆ ಆದ ಉಪಕಾರವೇನು? ಅವನ ಋಣವನ್ನು ಈ ಶಾಲೆಯ ಮಕ್ಕಳು ಹೇಗೆ ತೀರಿಸಬಹುದು? ನಮ್ಮ ಮಾತೆಲ್ಲ ಈ ಮೂರು ಪ್ರಶ್ನೆಗಳ ಸುತ್ತ ಇರುವುದು.

ಇಂದಿನ ಪಟ್ಟಣಗಳಲ್ಲಿ ಗಿಟಾರು ಹಿಡಿದು, ಸ್ವಂತ ಹಾಡು ಕಟ್ಟಿ, ಊರೂರಿನ ವೇದಿಕೆ ಏರುವ ತರುಣರನ್ನು ನೀವು ಕಂಡಿದ್ದೀರಿ. ಇದು ಹೊಸ ಕಾಲದ ಹೊಸ ವೃತ್ತಿಯೆಂದು ಹಲವರ ಭಾವನೆ. ವೇಷವು ಹೊಸದಿರಬಹುದು, ವೃತ್ತಿಯು ಬಹಳ ಹಳೆಯದು. 12ನೆಯ ಶತಮಾನದಲ್ಲಿ ದಕ್ಷಿಣ ಫ್ರಾನ್ಸಿನ ಟ್ರೂಬಡೂರ್ ಕವಿಗಳು ಹಾಡು ಕಟ್ಟಿದರು. ಅಮೆರಿಕದ ವುಡಿ ಗತ್ರಿ (1912–1967) ಧೂಳಿನ ಬಿರುಗಾಳಿಗೆ ಹೊಲಮನೆ ಕಳೆದುಕೊಂಡು ವಲಸೆ ಹೊರಟ ರೈತರ ಪಾಡನ್ನು ಹಾಡುತ್ತ ತಿರುಗಿದನು. ಆದರೆ ಅಷ್ಟು ದೂರ ಹೋಗುವ ಅವಶ್ಯಕತೆ ನಮಗಿಲ್ಲ. ಇಲ್ಲಿಂದ ಹೆದ್ದಾರಿ ಹಿಡಿದರೆ ಸಿಗುವ ಸೊಲ್ಲಾಪುರವೇ ಇಂಥ ಒಬ್ಬ ಹಾಡುಗಾರನ ಹುಟ್ಟೂರಾಗಿದೆ.

ಆತನೇ ರಾಮ ಜೋಶಿ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಸೊಲ್ಲಾಪುರದ ಒಂದು ವೈದಿಕ ಮನೆತನದಲ್ಲಿ ಹುಟ್ಟಿದ ಈತನಿಗೆ ಚಿಕ್ಕಂದಿನಿಂದಲೂ ತಮಾಷಾದ ಹಾಡಿನ ಹುಚ್ಚು. ಮನೆಯವರಿಗೆ ಇದು ಒಪ್ಪಿಗೆಯಾಗದೆ ಮನೆ ಬಿಡಬೇಕಾಯಿತು. ಪಂಢರಪುರದಲ್ಲಿ ಸಂಸ್ಕೃತ ಓದಿದನು. ಓದಿ ಬಂದ ಮೇಲೂ ಡಫ ಕೈಬಿಡಲಿಲ್ಲ. ಶಾಸ್ತ್ರ ಬಲ್ಲವನು ಲಾವಣಿ ಕಟ್ಟಿ ಜನರ ನಡುವೆ ನಿಂತು ಹಾಡುವುದೆಂದರೆ ಆ ಕಾಲಕ್ಕೆ ಸಣ್ಣ ಸಾಹಸವಲ್ಲ. ಪುಣೆಯವರೆಗೂ ಆತನ ಕೀರ್ತಿ ಹಬ್ಬಿತು. ಮುಂದೆ ಬಾರಾಮತಿಯ ಕವಿ ಮೋರೋಪಂತರ ಪ್ರಭಾವದಿಂದ ಕೀರ್ತನದ ಕಡೆಗೆ ಹೊರಳಿದನು. ನಮಗೆ ಮುಖ್ಯವಾದ ಸಂಗತಿಯೊಂದಿದೆ. ಮರಾಠಿಯ ದೊಡ್ಡ ಶಾಹೀರನೆಂದು ಹೆಸರಾದ ಈತನು ಕನ್ನಡವನ್ನೂ ಸೇರಿಸಿ ಹಲವು ಭಾಷೆ ಬೆರೆತ ಲಾವಣಿಯನ್ನು ರಚಿಸಿದ್ದಾನೆ. ಕೇಳುವವರಿಗೆ ಆ ಭಾಷೆಗಳೆಲ್ಲ ಅಷ್ಟಿಷ್ಟು ತಿಳಿಯದಿದ್ದರೆ ಅಂಥ ಹಾಡನ್ನು ಯಾರೂ ಕಟ್ಟಲಾರರು. ಈ ಸೀಮೆಯ ಪೇಟೆಯಲ್ಲಿ, ಜಾತ್ರೆಯಲ್ಲಿ ಅಂದು ಯಾರು ಕೂಡುತ್ತಿದ್ದರೆಂಬುದಕ್ಕೆ ಆ ಒಂದು ಹಾಡೇ ಸಾಕ್ಷಿ.

ಇನ್ನು ಅಚ್ಚ ಕನ್ನಡದ ಹಾಡುಗಾರರ ಕಡೆಗೆ ಬರೋಣ. ಭೀಮೆಯ ಎರಡೂ ದಂಡೆಗಳಲ್ಲಿ ಗೀಗೀ ಮೇಳಗಳು ತಲೆಮಾರುಗಳಿಂದ ತಿರುಗುತ್ತ ಬಂದಿವೆ. ಮುಂದೆ ನಿಂತವನ ಕೈಯಲ್ಲಿ ಡಪ್ಪು. ಹಿಂದೆ ತುಂತುಣಿ ಮೀಟುವವನು, ತಾಳ ಹಾಕುವವನು. ಮುಮ್ಮೇಳದವನು ನುಡಿ ಎತ್ತಿದರೆ ಹಿಮ್ಮೇಳದವರು ಗೀಗೀ ಎಂದು ಎಳೆಯುವರು. ಆ ಎಳೆತದ ಹೊತ್ತಿನಲ್ಲೇ ಹಾಡುಗಾರನು ಉಸಿರು ತೆಗೆದುಕೊಂಡು ಮುಂದಿನ ನುಡಿಯನ್ನು ನೆನೆದುಕೊಳ್ಳಬೇಕು.

ಇವರಲ್ಲಿ ಬಹುಮಂದಿ ಒಕ್ಕಲಿಗರು, ನೇಕಾರರು, ಕೂಲಿಯವರು. ಹಿಂಗಾರಿ ಜೋಳದ ರಾಶಿ ಮುಗಿದು ಜಾತ್ರೆಗಳು ಸಾಲಾಗಿ ಬಂದಾಗ ಇವರ ಹಾದಿ ತೆರೆಯುವುದು. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರನ ಜಾತ್ರೆಯಲ್ಲಿ ನಂದಿಕೋಲುಗಳು ಹೊರಡುತ್ತವೆ. ಆ ಬಳಿಕ ಒಂದಾದ ಮೇಲೊಂದು ಊರಿನ ದೇವರು ಕರೆಯುತ್ತಾನೆ. ಊರ ಹಿರಿಯರು ವೀಳ್ಯ ಕೊಟ್ಟರೆ ಕರೆ ನಿಶ್ಚಯವಾದಂತೆ. ಹಿಂದೆ ನಡೆದೋ ಗಾಡಿಯಲ್ಲೋ ಹೋಗುತ್ತಿದ್ದರು. ಮುಂದೆ ಮೋಟಾರು ಬಂದಿತು. ಮಲಗುವುದು ಗುಡಿಯ ಕಟ್ಟೆಯ ಮೇಲೆ, ಉಣ್ಣುವುದು ಕರೆದವರ ಮನೆಯ ರೊಟ್ಟಿ. ಇಬ್ಬನಿ ಬಿದ್ದ ರಾತ್ರಿ ಡಪ್ಪಿನ ಚರ್ಮ ಸಡಿಲಾದರೆ ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳುವರು. ಕೊರಳು ಸಡಿಲಾದರೆ ಮಾತ್ರ ಯಾವ ಬೆಂಕಿಯೂ ಇಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬೆಳತನಕ ಹಾಡಿ, ಮರುದಿನ ಇನ್ನೊಂದು ಊರಿನಲ್ಲಿ ಅದೇ ಕೊರಳಿನಿಂದ ಹಾಡಬೇಕಾಗಿತ್ತು.

ಬಿದಾಗಿಯ ಹಣದಲ್ಲಿ ಮೊದಲು ದಾರಿಯ ಖರ್ಚು ತೆಗೆದು, ಉಳಿದುದನ್ನು ಮೇಳದವರು ಹಂಚಿಕೊಳ್ಳುವರು. ಮಳೆ ಬಂದು ಜಾತ್ರೆ ಕೆಟ್ಟರೆ ಹಂಚಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಹರದೇಶಿ–ನಾಗೇಶಿ ವಾದದ ಹಾಡಿನಲ್ಲಿ ಒಂದು ಪಕ್ಷ ಗಂಡು ಹೆಚ್ಚೆಂದರೆ ಇನ್ನೊಂದು ಪಕ್ಷ ಹೆಣ್ಣು ಹೆಚ್ಚೆನ್ನುವುದು. ನಾಗೇಶಿಯ ಪಕ್ಷ ಹಿಡಿದು ಹಾಡಿದ ಹೆಣ್ಣುಮಕ್ಕಳ ಪಾಡು ಇನ್ನೂ ಕಠಿಣವಾದುದು. ರಾತ್ರಿಯೆಲ್ಲ ಹೆಣ್ಣಿನ ಹಿರಿಮೆಯನ್ನು ಕೇಳಿ ತಲೆದೂಗಿದ ಜನರೇ ಬೆಳಗಾದ ಮೇಲೆ ಆಕೆಯ ನಡತೆಯ ಬಗ್ಗೆ ಹಗುರಾಗಿ ಆಡಿಕೊಳ್ಳುವುದುಂಟು. ಇದನ್ನು ನಾವು ಮರೆಮಾಚಬಾರದು.

ಇಷ್ಟೊಂದು ಕಷ್ಟವಿದ್ದರೂ ಇವರು ಏಕೆ ಹಾಡಿದರು? ಹಾಡುಗಾರನು ಯಾರೊಬ್ಬನ ಹಂಗಿನಲ್ಲೂ ಇರಲಿಲ್ಲವೆಂಬುದು ಒಂದು ಕಾರಣವೆಂದು ನಮಗೆ ತೋರುತ್ತದೆ. ಎಲ್ಲ ಊರುಗಳಿಂದಲೂ ಸ್ವಲ್ಪ ಸ್ವಲ್ಪ ಪಡೆಯುವವನು ಯಾವ ಊರಿನ ಗೌಡನಿಗೂ ಅಂಜಬೇಕಾಗಿಲ್ಲ. ಆದುದರಿಂದಲೇ ಆಳುವವರು ಕೇಳಬಯಸದ ಸುದ್ದಿಯನ್ನು ಆತನು ಹಾಡಬಲ್ಲವನಾದನು. 1857ರಲ್ಲಿ ಇಂಗ್ಲಿಷರು ಆಯುಧಗಳನ್ನು ಒಪ್ಪಿಸಿರೆಂದು ಆಜ್ಞೆ ಮಾಡಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ತಿರುಗಿ ನಿಂತರು; ಊರು ಸುಟ್ಟುಹೋಯಿತು. ಆ ದುರಂತವನ್ನು ಕನ್ನಡ ಜನರ ನೆನಪಿನಲ್ಲಿ ಉಳಿಸಿದುದು ಒಂದು ಲಾವಣಿ. ಸಂಗೊಳ್ಳಿ ರಾಯಣ್ಣನ ಮೇಲೆ ಹಾಡು ಹುಟ್ಟಿತು. ಆದಾಯ ತೆರಿಗೆ ಹೇರಿದುದರ ಮೇಲೂ ಹಾಡು ಹುಟ್ಟಿತು. ಇಂಥ ಕೆಲವನ್ನು ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯು ಸಂಗ್ರಹಿಸಿ 1885ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದನು. ಆಳುವವರ ವಿರುದ್ಧದ ಹಾಡುಗಳನ್ನು ಆಳುವವರ ಕಡೆಯವನೇ ಉಳಿಸಿಕೊಟ್ಟಂತಾಯಿತು.

ಹಲಗಲಿಯ ಹಾಡಿನಲ್ಲಿ ಕುರ್ತಕೋಟಿಯ ಕಲ್ಮೇಶನೆಂಬ ದೇವರ ಅಂಕಿತವಿದೆ. ಕಟ್ಟಿದವನ ದೈವ ನಮಗೆ ಗೊತ್ತು. ಕಟ್ಟಿದವನ ಹೆಸರು ಗೊತ್ತಿಲ್ಲ. ಇದಕ್ಕೆ ಪ್ರತಿಯಾಗಿ ಜಾತ್ರೆಯ ರಾತ್ರಿಯನ್ನು ನೆನೆದುಕೊಳ್ಳಿರಿ. ಯಾರಾದರೂ ಆಯೇರಿ ಕೊಟ್ಟರೆ ಹಾಡುಗಾರನು ಹಾಡು ನಿಲ್ಲಿಸಿ, ಕೊಟ್ಟವನ ಹೆಸರನ್ನೂ ಊರನ್ನೂ ಕೂಗಿ ಹೇಳಿ ಹರಸುವನು. ಒಂದು ರೂಪಾಯಿ ಕೊಟ್ಟವನ ಹೆಸರೂ ಇಡೀ ಸಭೆಗೆ ತಿಳಿಯುವುದು. ಹಾಡನ್ನೇ ಕೊಟ್ಟವನ ಹೆಸರು ಮಾತ್ರ ಎಷ್ಟೋ ಸಲ ಅವನೊಂದಿಗೇ ಮಣ್ಣಾಯಿತು.

ಹೀಗಾಗದಂತೆ ನೋಡಿಕೊಂಡ ಪುಣ್ಯಾತ್ಮರೂ ನಮ್ಮ ನೆರೆಯಲ್ಲಿದ್ದರು. ವಿಜಯಪುರ ಜಿಲ್ಲೆಯ ಹಲಸಂಗಿಯು ಇಲ್ಲಿಗೆ ಬಹಳ ದೂರವಲ್ಲ. ಮಧುರಚೆನ್ನ (1903–1953), ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರು ಹಾಡುವವರ ಬಳಿಗೆ ತಾವೇ ಹೋಗಿ ಕುಳಿತು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಹೊರಬಂದಿತು. ಲಾವಣಿಗಳ ಸಂಗ್ರಹವಾದ 'ಜೀವನ ಸಂಗೀತ'ವು ಅದರ ಬೆನ್ನಿಗೇ ಬಂದಿತು. ಆ ಊರಿನ ಲಾವಣಿಕಾರ ಖಾಜಾಭಾಯಿಯ ಹೆಸರು ಇಂದಿಗೂ ಬದುಕಿರುವುದಕ್ಕೆ ಇಂಥ ಗೆಳೆಯರ ಆಸ್ಥೆಯೇ ಕಾರಣ. ಇವರ ಆಪ್ತರಾದ ದ. ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಅವರ ಕವಿತೆಯ ಲಯದಲ್ಲಿ ಲಾವಣಿಯ ನಡಿಗೆಯನ್ನು ಕಿವಿಯುಳ್ಳವರು ಗುರುತಿಸಬಲ್ಲರು.

ಈ ಪರಂಪರೆ ಒಂದೇ ಭಾಷೆಯ ಸೊತ್ತಲ್ಲ. ಇದೇ ಜಿಲ್ಲೆಯ ಬಾರ್ಶಿಯಲ್ಲಿ ಹುಟ್ಟಿದ ಶಾಹೀರ ಅಮರ ಶೇಖ (1916–1969) ಮರಾಠಿಯಲ್ಲಿ ದುಡಿಯುವ ಜನರ ಹಾಡನ್ನು ಕಟ್ಟಿ ಊರೂರಿಗೆ ಒಯ್ದರು. ಮರಾಠಿಯ ಬಂಧುಗಳು ತಮ್ಮ ಶಾಹೀರರನ್ನು ಪುಸ್ತಕಗಳಲ್ಲಿ ಬರೆದು, ರಾಮ ಜೋಶಿಯ ಕಥೆಯನ್ನು 1947ರಲ್ಲಿ ಚಲಚ್ಚಿತ್ರವಾಗಿಯೂ ಮಾಡಿ ಗೌರವಿಸಿದರು. ಅದನ್ನು ಕಂಡು ನಾವು ಸಂತೋಷಪಡಬೇಕು, ಕಲಿಯಲೂ ಬೇಕು.

ವಿದ್ಯಾರ್ಥಿಗಳೇ, ಕೊನೆಯ ಮಾತು ನಿಮಗಾಗಿ. ಈ ಮಹಾರಾಷ್ಟ್ರದ ಕನ್ನಡ ಹಳ್ಳಿಗಳಲ್ಲಿ ಶಾಲೆ ಬರುವುದಕ್ಕಿಂತ ಮುಂಚೆ ಅಕ್ಷರವಿಲ್ಲದವರಿಗೆ ಪುರಾಣ, ನೀತಿ, ಸುದ್ದಿಗಳನ್ನು ಕನ್ನಡದಲ್ಲಿ ಕಲಿಸಿದವರು ಈ ಹಾಡುಗಾರರು. ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸಬೇಕೆಂಬ ಆಸೆ ಕೆಲವು ಮನೆಗಳಲ್ಲಾದರೂ ಉಳಿದಿರುವುದು ಅವರು ಕಿವಿಯಲ್ಲಿ ಬಿತ್ತಿದ ಬೀಜದ ಫಲವೂ ಹೌದು. ಅಂಥವರ ಹಾಡಿನ ವಹಿಗಳು ಜಂತಿಯ ಸಂದಿಯಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ಮನೆ ಕೆಡವಿ ಕಟ್ಟುವಾಗ ರದ್ದಿಗೆ ಹೋಗುತ್ತಿವೆ. ವಹಿಯೂ ಇಲ್ಲದವರ ಹಾಡು ಅವರ ನಾಲಗೆಯ ಮೇಲಿರುವಷ್ಟು ದಿನ ಮಾತ್ರ.

ಆದುದರಿಂದ ಎಂಟನೆಯ ಇಯತ್ತೆಯಿಂದ ಮೇಲಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಬೇಸಿಗೆಯ ರಜೆಯಲ್ಲಿ ಒಂದೇ ಒಂದು ಹಾಡನ್ನು ಬರೆದು ತರಬೇಕು. ಊರಿನ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ, ಅವರ ಒಪ್ಪಿಗೆ ಪಡೆದು, ಅವರು ಆಡಿದಂತೆಯೇ ಬರೆಯಿರಿ. ನಿಮ್ಮ ಪುಸ್ತಕದ ಕನ್ನಡಕ್ಕೆ ತಿದ್ದಬೇಡಿರಿ. ಕೆಳಗೆ ನಾಲ್ಕು ಸಂಗತಿಗಳಿರಲಿ: ಹಾಡಿದವರ ಹೆಸರು, ಅವರ ಊರು, ಯಾರಿಂದ ಕಲಿತರು, ಕಟ್ಟಿದವರು ಯಾರು. ಕೊನೆಯದಕ್ಕೆ ಉತ್ತರ ಸಿಗುವವರೆಗೆ ಇನ್ನೊಂದು ಮನೆಗೆ, ಇನ್ನೊಂದು ಊರಿಗೆ ಹೋಗಿ ಕೇಳಿರಿ. ಬರುವಾಗ ಬರಿಗೈಯಲ್ಲಿ ಬರಬೇಡಿರಿ. ಹಾಡಿದವರಿಗೆ ಎಲೆ ಅಡಿಕೆಯನ್ನಾದರೂ ಕೊಟ್ಟು ನಮಸ್ಕರಿಸಿರಿ.

ಸಂಸ್ಥೆಯ ಹಿರಿಯರಲ್ಲಿ ಒಂದು ವಿಜ್ಞಾಪನೆ. ಹೀಗೆ ಬಂದ ಹಾಡುಗಳಿಗೆ ವಾರ್ಷಿಕ ಸಂಚಿಕೆಯಲ್ಲಿ ನಾಲ್ಕು ಪುಟಗಳನ್ನು ಮೀಸಲಿಡಬೇಕು; ಶಾಲೆಯ ಕಪಾಟಿನಲ್ಲಿ ಒಂದು ಖಾನೆಯನ್ನು ಆ ವಹಿಗಳಿಗಾಗಿ ಬಿಟ್ಟುಕೊಡಬೇಕು. ಇದಕ್ಕೆ ಬೇಕಾಗುವ ಹಣ ಅಲ್ಪ, ಬೇಕಾಗಿರುವುದು ತ್ವರೆ. ಮುಂದಿನ ವರ್ಷದ ಸಂಚಿಕೆಯಲ್ಲಿ ಕಟ್ಟಿದವರ ಹೆಸರಿನೊಂದಿಗೆ ಒಂದು ಹಾಡನ್ನಾದರೂ ಓದುವ ಭಾಗ್ಯ ನಮ್ಮೆಲ್ಲರಿಗೂ ಒದಗಲೆಂದು ಹಾರೈಸುತ್ತೇವೆ.