ಸೂಪಾ ಮುಳುಗಿತು, ಸಾಕ್ಷಿ ಮುಳುಗಿಲ್ಲ

(ಜೋಯಿಡಾ ತಾಲ್ಲೂಕಿನ ಸಭೆಯೊಂದರಲ್ಲಿ ಆಡಿದ ಮಾತು)



ಕಾಳಿ ಮತ್ತು ಪಾಂಡರಿ ಹೊಳೆ ಕೂಡುವಲ್ಲಿ ಸೂಪಾ ಅಂತ ಒಂದು ಊರಿತ್ತು. ತಾಲ್ಲೂಕಿನ ಮುಖ್ಯ ಊರು. ಕೊಂಕಣಿ, ಮರಾಠಿ, ಕನ್ನಡ ಮೂರೂ ನಡೆಯುವ ಸೀಮೆ. ಸುತ್ತಿನ ಕಾಡಲ್ಲಿ ಕುಣಬಿ, ಸಿದ್ದಿ, ಗೌಳಿ ಜನ. 1980ರ ದಶಕದಲ್ಲಿ ಗಣೇಶಗುಡಿ ಹತ್ರ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. ಊರು, ಗುಡಿ, ಗದ್ದೆ ನೀರೊಳಗೆ ಹೋದವು. ಕಚೇರಿ ಜೋಯಿಡಾಕ್ಕೆ ಬಂತು. ಎಷ್ಟೋ ಮನೆಯವರು ರಾಮನಗರ ಸೇರಿದರು. ನಾಡಿಗೆ ಕರೆಂಟು ಬಂತು.

ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಜಮೀನು ಯಾರ ಹೆಸರಲ್ಲಿದೆ ಅಂತ ಅದು ಕೇಳಿತು. ಅಲ್ಲಿ ಬೆವರು ಸುರಿಸಿದವರು ಯಾರು ಅಂತ ಕೇಳಲಿಲ್ಲ. ಭೂಮಿ ಇಲ್ಲದ ಕೂಲಿಯವರೂ ಸಂತ್ರಸ್ತರೇ ಅಂತ ಒಪ್ಪೋದಕ್ಕೆ 2013ರ ಕಾಯ್ದೆ ಬರಬೇಕಾಯಿತು. ಸೂಪಾ ಮುಳುಗಿ ಕಾಲು ಶತಮಾನ ಆದಮೇಲೆ!

ಇದೇ ತಾಲ್ಲೂಕಿನ ಉಳವಿ ನೋಡಿ. 12ನೇ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟಿದ್ದಕ್ಕೆ ಕಲ್ಯಾಣದಲ್ಲಿ ರಕ್ತ ಹರಿಯಿತು, ಶರಣರು ಈ ಕಾಡಿಗೆ ಬಂದರು ಅಂತ ಜನ ಹೇಳ್ತಾರೆ. ಚನ್ನಬಸವಣ್ಣನ ಸಮಾಧಿ ಇದೆ, ಗವಿಗಳಿವೆ. ಆ ಗವಿಗೆ ಪಹಣಿ ಕೇಳಿದವರುಂಟಾ? ಅಲ್ಲಿ ಕಲ್ಲೇ ಸಾಕ್ಷಿ, ಬಾಯಿಮಾತೇ ಸಾಕ್ಷಿ. ಹಾಗಾದರೆ ನಮ್ಮಜ್ಜಿ ನೀರು ಸೇದಿದ ಬಾವಿ, ನಮ್ಮಜ್ಜನನ್ನು ಹೂತ ಮಣ್ಣು ಯಾಕೆ ಸಾಕ್ಷಿಯಲ್ಲ?

ಸಾಕ್ಷಿಯೇ ಹೌದು! 2006ರ ಅರಣ್ಯ ಹಕ್ಕು ಕಾಯ್ದೆಯ 13ನೇ ನಿಯಮ ಓದಿ. ಹಳೇ ಬಾವಿ, ಸ್ಮಶಾನ, ದೇವರ ಜಾಗ, ಕಟ್ಟಿದ ಬದು, ಬರೆದಿಟ್ಟ ಹಿರಿಯರ ಹೇಳಿಕೆ ಎಲ್ಲ ನಡೆಯುತ್ತೆ. ಇಂಥದೇ ಕಾಗದ ತಾ ಅಂತ ಹಟ ಹಿಡಿಯುವ ಹಾಗಿಲ್ಲ ಅಂತ 2012ರ ತಿದ್ದುಪಡಿ ಹೇಳುತ್ತೆ. ಆದರೆ ಒಂದೇ ಸಾಕ್ಷಿ ಸಾಲದು, ಒಂದಕ್ಕಿಂತ ಹೆಚ್ಚು ಬೇಕು.

ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಇದ್ದದ್ದು ತೋರಿಸಬೇಕು. ಆ ಪಟ್ಟಿಯಲ್ಲಿ ಇಲ್ಲದವರು ಅಲ್ಲಿಂದ ಹಿಂದಕ್ಕೆ 75 ವರ್ಷ, ಅಂದರೆ ಮೂರು ತಲೆಮಾರು ತೋರಿಸಬೇಕು. ಪರಿಶಿಷ್ಟ ಜಾತಿಯ ನಮಗೂ ಅದೇ 75.

ಅಷ್ಟು ಹಿಂದಿನ ಮಾತು ಬಲ್ಲವರು ಒಬ್ಬೊಬ್ಬರೇ ಕಣ್ಣು ಮುಚ್ಚುತ್ತಿದ್ದಾರೆ. ಓದಿದ ಹುಡುಗ ಹುಡುಗಿಯರೇ, ಅರ್ಜಿದಾರರನ್ನು ಬಿಟ್ಟು ಬೇರೆ ಹಿರಿಯರ ಹತ್ರ ಕೂತು ಬರೆದುಕೊಳ್ಳಿ. ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿ. ಗ್ರಾಮದ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ರಸೀದಿ ಇಸಕೊಳ್ಳಿ. ಈ ಕೆಲಸ ಈ ವಾರವೇ ಶುರುವಾಗಲಿ.

ಜೈ ಭೀಮ್.